‘ಲಕ್ಷ್ಯ ಇಲ್ಲ’ ಅಂದರೆ ಏನಿಲ್ಲ? ಎಡಿಎಚ್‌ಡಿ ಸುತ್ತಲಿನ ಗೊಂದಲ

ಮಲಯಾಳಂ ನಟ ಫಹಾದ್ ಫಾಸಿಲ್ 2024ರ ಮೇ ತಿಂಗಳಲ್ಲಿ ಕೇರಳದ ಒಂದು ಕಾರ್ಯಕ್ರಮದಲ್ಲಿ ತಮಗೆ ಎಡಿಎಚ್‌ಡಿ (ಅಟೆನ್ಶನ್ ಡೆಫಿಸಿಟ್ ಹೈಪರ್‌ಆ್ಯಕ್ಟಿವಿಟಿ ಡಿಸಾರ್ಡರ್, ಗಮನ ಮತ್ತು ಅತಿ ಚಟುವಟಿಕೆಯ ತೊಂದರೆ) ಇದೆ ಎಂದರು. ಅದು ಗೊತ್ತಾಗಿದ್ದು 41ನೇ ವಯಸ್ಸಿನಲ್ಲಂತೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಲಿಯಾ ಭಟ್ ಕೂಡ ಒಂದು ಸಂದರ್ಶನದಲ್ಲಿ ತಮಗೂ ಇದೆ ಎಂದು ಹೇಳಿಕೊಂಡರು. ಆಮೇಲೆ ಶುರುವಾದ ರೀಲ್‌ಗಳ ಮಳೆ ಇನ್ನೂ ನಿಂತಿಲ್ಲ. ‘ಬೈಕಿನ ಕೀಲಿ ಎಲ್ಲಿಟ್ಟೆ ಅಂತ ಹುಡುಕುತ್ತೀರಾ? ಪುಸ್ತಕ ಅರ್ಧಕ್ಕೇ ಬಿಡುತ್ತೀರಾ? ಹಾಗಾದರೆ ನಿಮಗೂ ಇದೆ!’

ನಮ್ಮ ಉತ್ತರ ಕನ್ನಡದ ಶಿರಸಿ, ಕಾರವಾರದ ಮನೆಗಳಲ್ಲಿ ಇದನ್ನು ನೋಡಿದವರಿಗೆ ಹುಟ್ಟುವ ಪ್ರಶ್ನೆಗಳು ಸಹಜವಾದವೇ. ಇದು ಮಕ್ಕಳ ತೊಂದರೆ ಅಲ್ವಾ, 41ಕ್ಕೆ ಹೇಗೆ ಬಂತು? ನಮ್ಮ ಕಾಲದ ಉಡಾಳ ಹುಡುಗರೆಲ್ಲ ಕಾಯಿಲೆಯವರಾಗಿದ್ದರಾ? ಅಥವಾ ಇದು ಮಾತ್ರೆ ಮಾರುವವರ ಕಿತಾಪತಿಯಾ?

ಮೂರೂ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೊಡುವವರನ್ನು ನಂಬುವುದು ಕಷ್ಟ. ಸ್ವಲ್ಪ ನಿಧಾನಕ್ಕೆ ಬಿಡಿಸಿ ನೋಡೋಣ.

ಒಂದು ಲೆಕ್ಕದ ಪಟ್ಟಿ

ಕರಾವಳಿಯ ಒಂದು ಶಾಲೆ, ಜುಲೈ ತಿಂಗಳು ಎಂದುಕೊಳ್ಳಿ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದೆ. 4ನೇ ಇಯತ್ತೆಯ ಹುಡುಗನ ಲೆಕ್ಕದ ಪಟ್ಟಿ (ನೋಟ್‌ಬುಕ್) ತೆರೆದಿದೆ. ಮೊದಲ ಎರಡು ಕೂಡುವ ಲೆಕ್ಕ ಸರಿ, ದಶಕವನ್ನೂ ಮೇಲೆ ಚೊಕ್ಕಟವಾಗಿ ಬರೆದಿದ್ದಾನೆ. ಮೂರನೆಯದರಲ್ಲಿ ಬೋರ್ಡಿನ ಮೇಲಿನ 38 ಇವನ ಪಟ್ಟಿಯಲ್ಲಿ 83 ಆಗಿದೆ. ನಾಲ್ಕನೆಯದರಲ್ಲಿ ಕೂಡುವ ಬದಲು ಕಳೆದಿದ್ದಾನೆ. ಐದನೆಯದು ಅರ್ಧಕ್ಕೆ ನಿಂತಿದೆ. ಆರು, ಏಳು, ಎಂಟು ಇಲ್ಲವೇ ಇಲ್ಲ. ಪುಟದ ಅಂಚಿನಲ್ಲಿ ಮಾತ್ರ ಮೀನು ಹಿಡಿಯುವ ಒಂದು ಪರ್ಸಿನ್ ಬೋಟಿನ ಚಿತ್ರ ಇದೆ. ಬಲೆಯ ಒಂದೊಂದು ಕಣ್ಣೂ ಬಿಟ್ಟುಹೋಗಿಲ್ಲ. ಕೆಳಗೆ ಅಕ್ಕೋರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ‘ಲಕ್ಷ್ಯ ಇಲ್ಲ.’

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕೂಡುವ ಲೆಕ್ಕ ಅವನಿಗೆ ಬರುತ್ತದೆ, ಮೊದಲ ಎರಡು ಅದಕ್ಕೆ ಸಾಕ್ಷಿ. ಲಕ್ಷ್ಯವೂ ಇದೆ, ಬಲೆಯ ಕಣ್ಣುಗಳು ಅದಕ್ಕೆ ಸಾಕ್ಷಿ. ಬೇಸರ ತರುವ ಕೆಲಸದ ಮೇಲೆ, ಬೇಕಾದ ಹೊತ್ತಿಗೆ, ಬೇಕಾದಷ್ಟು ಹೊತ್ತು ಆ ಲಕ್ಷ್ಯವನ್ನು ಹಿಡಿದು ನಿಲ್ಲಿಸುವುದು ಅವನಿಗೆ ಆಗುತ್ತಿಲ್ಲ. ಎಡಿಎಚ್‌ಡಿಯನ್ನು ‘ಗಮನದ ಕೊರತೆ’ ಎಂದು ಕನ್ನಡಕ್ಕೆ ತಂದಿದ್ದೇವೆ. ಆ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಮೂಲ ಹೆಸರೂ ಅಷ್ಟೇ ದಾರಿ ತಪ್ಪಿಸುವಂಥದ್ದು, ಬಿಡಿ.

‘ಮೊಬೈಲ್ ಹಿಡಿದರೆ ಎರಡು ತಾಸು ಅಲ್ಲಾಡದೆ ಕೂರುತ್ತಾನೆ, ಇವನಿಗೆಂಥ ತೊಂದರೆ?’ ಎಂದು ಅಪ್ಪಂದಿರು ಕೇಳುತ್ತಾರೆ. ಮೊಬೈಲ್ ಇಲ್ಲದ ಕಾಲದಲ್ಲೂ ಇದೇ ಮಾತಿತ್ತು. ಆಟದ ಬಯಲಿನಲ್ಲಿ ಚಂಡೆಯ ಸದ್ದಿಗೆ ಬೆಳಗಿನ ತನಕ ಕಣ್ಣು ಮುಚ್ಚದೆ ಕೂತ ಹುಡುಗನೇ ಮರುವಾರ ಮಗ್ಗಿ ಹೇಳಲು ಹತ್ತು ನಿಮಿಷ ಕೂರುತ್ತಿರಲಿಲ್ಲ. ಯಕ್ಷಗಾನದಲ್ಲಿ ಕ್ಷಣಕ್ಷಣಕ್ಕೂ ಹೊಸತು ಬರುತ್ತದೆ, ಬಣ್ಣ, ಕುಣಿತ, ಹಾಸ್ಯಗಾರನ ಮಾತು. ಲಕ್ಷ್ಯವನ್ನು ಹೊರಗಿನಿಂದಲೇ ಯಾರೋ ಹಿಡಿದು ಎಳೆಯುತ್ತಿರುತ್ತಾರೆ. ಮಗ್ಗಿಗೆ ಆ ಎಳೆತ ಇಲ್ಲ, ಒಳಗಿನಿಂದಲೇ ತಳ್ಳಬೇಕು. ತೊಂದರೆ ಇರುವುದು ಆ ತಳ್ಳುವ ಜಾಗದಲ್ಲಿ.

ಆ ಜಾಗ ಮೆದುಳಿನ ಮುಂಭಾಗ ಮತ್ತು ಅದಕ್ಕೆ ಜೋಡಿಸಿಕೊಂಡ ಒಳಗಿನ ಭಾಗಗಳು. ಮುಂದಿನದನ್ನು ಯೋಚಿಸಿ ಈಗಿನ ಆಸೆಯನ್ನು ತಡೆಯುವುದು, ಹಿಡಿದ ಕೆಲಸವನ್ನು ನೆನಪಲ್ಲಿ ಇಟ್ಟುಕೊಳ್ಳುವುದು, ಇವೆಲ್ಲ ಅಲ್ಲಿನ ಕೆಲಸ. ಅದಕ್ಕೆ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು 2007ರಲ್ಲಿ ಮಕ್ಕಳ ಮೆದುಳಿನ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದು ಹೋಲಿಸಿದರು. ಮೆದುಳಿನ ಹೊರಪದರ ದಪ್ಪವಾಗಿ ಬೆಳೆಯುವ ಹಂತವನ್ನು ಉಳಿದ ಮಕ್ಕಳು ಸುಮಾರು ಏಳೂವರೆ ವರ್ಷಕ್ಕೆ ಮುಟ್ಟಿದರೆ, ಎಡಿಎಚ್‌ಡಿ ಇದ್ದವರು ಹತ್ತೂವರೆಗೆ ಮುಟ್ಟಿದರು. ಹಾದಿ ಒಂದೇ, ಹೆಜ್ಜೆ ತಡ. ಇದು ಗುಂಪಿನ ಸರಾಸರಿ ಎಂಬುದು ನೆನಪಿರಲಿ. ಒಬ್ಬ ಹುಡುಗನ ಸ್ಕ್ಯಾನ್ ತೆಗೆದು ಇದೆ, ಇಲ್ಲ ಎಂದು ಹೇಳಲು ಬರುವುದಿಲ್ಲ. ‘ಸ್ಕ್ಯಾನ್ ಮಾಡಿ ಎಡಿಎಚ್‌ಡಿ ಪತ್ತೆ ಮಾಡುತ್ತೇವೆ’ ಎಂಬ ಜಾಹೀರಾತು ಕಂಡರೆ ದುಡ್ಡು ಜೇಬಿನಲ್ಲೇ ಇರಲಿ.

ಯಾಕೆ ಬರುತ್ತದೆ?

ಮುಖ್ಯವಾಗಿ ವಂಶದಿಂದ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ಒಬ್ಬರಿಂದ ಒಬ್ಬರಿಗೆ ಇರುವ ವ್ಯತ್ಯಾಸದಲ್ಲಿ ಶೇ 70ಕ್ಕೂ ಜಾಸ್ತಿ ಪಾಲನ್ನು ವಂಶವಾಹಿಗಳ ಲೆಕ್ಕಕ್ಕೆ ಹಾಕುತ್ತವೆ. ಒಂದೇ ಒಂದು ಜೀನ್ ಕಾರಣ ಅಲ್ಲ, ನೂರಾರು ಸೇರಿ ಸಣ್ಣಸಣ್ಣ ಪಾಲು ಕೊಡುತ್ತವೆ. ತಿಂಗಳು ತುಂಬುವ ಮೊದಲೇ ಹುಟ್ಟುವುದು, ಹುಟ್ಟುವಾಗ ತೂಕ ಕಡಿಮೆ ಇರುವುದು ಕೂಡ ಸ್ವಲ್ಪ ಸೇರಿಸುತ್ತವೆ. ಮಗನನ್ನು ತೋರಿಸಲು ಬಂದ ಅಪ್ಪ ಲಕ್ಷಣಗಳನ್ನು ಕೇಳುತ್ತ ‘ಇದು ನಾನೇ ಅಲ್ವಾ’ ಎನ್ನುವುದು ಇದೇ ಕಾರಣಕ್ಕೆ. ದೊಡ್ಡವರಲ್ಲಿ ಎಷ್ಟೋ ಜನಕ್ಕೆ ಗೊತ್ತಾಗುವ ದಾರಿಯೇ ಅದು.

ಸಕ್ಕರೆ ತಿಂದು ಬರುವುದಲ್ಲ, ಅದನ್ನು ಪರೀಕ್ಷಿಸಿ ನೋಡಿ ಆಗಿದೆ. ಅಮ್ಮ ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ. ಮೀನು ತಿಂದರೆ ಮಂಡೆ ಚುರುಕಾಗುತ್ತದೆ ಎಂದು ಕರಾವಳಿಯಲ್ಲಿ ನಂಬುತ್ತೇವೆ. ಮೀನೆಣ್ಣೆಯ ಒಮೇಗಾ–3ರ ಮೇಲೆ ಪ್ರಯೋಗಗಳು ನಡೆದಿವೆ, ಲಾಭ ಕಂಡರೂ ತೀರಾ ಸಣ್ಣದು. ಬಂಗಡೆ ರುಚಿಗೆ ತಿನ್ನಿ.

ಗರ್ಭಿಣಿಯರು ಪ್ಯಾರಾಸಿಟಮಾಲ್ ನುಂಗಿದರೆ ಮಗುವಿಗೆ ತೊಂದರೆ ಎಂಬ ಸುದ್ದಿಯೂ ಓಡಾಡುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಆಟಿಸಂ ವಿಷಯದಲ್ಲಿ ಹೀಗೆ ಹೇಳಿದ ಮೇಲೆ ಅದು ಎಡಿಎಚ್‌ಡಿಗೂ ಅಂಟಿಕೊಂಡಿತು. ಆದರೆ ಸ್ವೀಡನ್ನಿನ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿದ 2024ರ ಅಧ್ಯಯನದಲ್ಲಿ, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದಾಗ ಎರಡಕ್ಕೂ ಸಂಬಂಧ ಕಾಣಲಿಲ್ಲ.

ಹಳೆಯ ದೂರು, ಅಗಲವಾದ ಹೆಸರು

ಇದು ಇನ್‌ಸ್ಟಾಗ್ರಾಂ ಕಾಲದ ಶೋಧ ಅಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಉತ್ತೇಜಕ ಔಷಧ ಕೊಟ್ಟಾಗ ಕೆಲವು ಮಕ್ಕಳು ಓದಿಗೆ ಕೂತಿದ್ದನ್ನು ಗಮನಿಸಿದರು. ಇವತ್ತಿಗೂ ಬಳಸುವ ಮಿಥೈಲ್‌ಫೆನಿಡೇಟ್ 1944ರಲ್ಲಿ ತಯಾರಾಯಿತು. ತಯಾರಿಸಿದವನು ತನ್ನ ಹೆಂಡತಿ ರೀಟಾಳ ಹೆಸರಿನ ಮೇಲೆ ಅದಕ್ಕೆ ರಿಟಾಲಿನ್ ಎಂದು ಹೆಸರಿಟ್ಟ.

ಬದಲಾಗಿದ್ದು ವ್ಯಾಖ್ಯೆ. ಅಮೆರಿಕದ ಮನೋವೈದ್ಯರ ಕೈಪಿಡಿ 1968ರಲ್ಲಿ ಇದನ್ನು ಬರೀ ಅತಿ ಚಟುವಟಿಕೆಯ ತೊಂದರೆ ಎಂದು ನೋಡಿತ್ತು. 1980ರಲ್ಲಿ ಗಮನಕ್ಕೆ ಮೊದಲ ಜಾಗ ಸಿಕ್ಕಿತು, ಸುಮ್ನೆ ಕೂತು ಕನಸು ಕಾಣುವ ಮಗುವೂ ಒಳಗೆ ಬಂತು. 1987ರಲ್ಲಿ ಈಗಿನ ಹೆಸರು ಬಂತು. 2013ರಲ್ಲಿ ಎರಡು ಮುಖ್ಯ ಬದಲಾವಣೆ ಆದವು. ಲಕ್ಷಣ 7 ವರ್ಷದೊಳಗೆ ಕಾಣಬೇಕು ಎಂಬುದು 12 ಆಯಿತು, ದೊಡ್ಡವರಿಗೆ ಬೇಕಾದ ಲಕ್ಷಣಗಳ ಸಂಖ್ಯೆ ಇಳಿಯಿತು. 2022ರಿಂದ ಜಾರಿಯಾದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ತನ್ನ ಹಳೆಯ, ಕಿರಿದಾದ ವ್ಯಾಖ್ಯೆ ಬಿಟ್ಟು ಇದೇ ಹೆಸರಿಗೆ ಬಂತು.

ಬಲೆಯ ಕಣ್ಣು ಸಣ್ಣದಾದರೆ ಸಿಗುವ ಮೀನು ಜಾಸ್ತಿಯಾಗುತ್ತದೆ. ಸಮುದ್ರದಲ್ಲಿ ಮೀನು ಹೆಚ್ಚಿತು ಎಂದಲ್ಲ. ‘ಈಗ ಎಲ್ಲಿ ನೋಡಿದರೂ ಎಡಿಎಚ್‌ಡಿ’ ಎಂಬ ಮಾತಿಗೆ ದೊಡ್ಡ ಪಾಲು ಉತ್ತರ ಇಲ್ಲಿದೆ. ಜಗತ್ತಿನಾದ್ಯಂತ ಒಂದೇ ಅಳತೆಗೋಲಿನಲ್ಲಿ ಅಳೆದಾಗ ಮಕ್ಕಳಲ್ಲಿ ಸುಮಾರು ಶೇ 5, ದೊಡ್ಡವರಲ್ಲಿ ಸುಮಾರು ಶೇ 2.5ರಷ್ಟು ಸಿಗುತ್ತದೆ. 40 ಮಕ್ಕಳ ತರಗತಿಯಲ್ಲಿ ಇಬ್ಬರು.

ಗೆರೆ ಎಳೆಯುವ ಕಷ್ಟ

ಹಾವು ಕಚ್ಚಿದೆಯೋ ಇಲ್ಲವೋ ಎನ್ನುವಂಥ ವಿಷಯ ಇದಲ್ಲ, ರಕ್ತದೊತ್ತಡದಂಥದ್ದು. ಒತ್ತಡ ಎಲ್ಲರಿಗೂ ಇದೆ, ಇಷ್ಟರ ಮೇಲೆ ಹೋದರೆ ಅಪಾಯ ಎಂದು ಗೆರೆ ಎಳೆದಿರುವುದು ನಾವು. ಮರೆವು, ಚಡಪಡಿಕೆ, ನಡುವೆ ಬಾಯಿ ಹಾಕುವುದು ಕೂಡ ಎಲ್ಲರಲ್ಲೂ ಇದೆ. ಹಾಗಾಗಿ ರೀಲ್ ನೋಡಿದ ಪ್ರತಿಯೊಬ್ಬರಿಗೂ ‘ಇದು ನನ್ನದೇ ಕಥೆ’ ಅನ್ನಿಸುತ್ತದೆ. ಕೆನಡಾದ ಮನೋವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಬಂದ ಒಂದು ಅಧ್ಯಯನ, ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ಜನ ನೋಡಿದ 100 ಎಡಿಎಚ್‌ಡಿ ವಿಡಿಯೊಗಳನ್ನು ಪರಿಶೀಲಿಸಿತ್ತು. 52 ವಿಡಿಯೊಗಳು ದಾರಿ ತಪ್ಪಿಸುವಂಥವು.

ವೈದ್ಯರು ಗೆರೆ ಎಳೆಯುವ ರೀತಿ ಬೇರೆ. ಗಮನದ ಗುಂಪಿನಲ್ಲಿ ಒಂಬತ್ತು, ಚಟುವಟಿಕೆ ಮತ್ತು ದುಡುಕಿನ ಗುಂಪಿನಲ್ಲಿ ಒಂಬತ್ತು ಲಕ್ಷಣ ಇವೆ. ಮಕ್ಕಳಿಗೆ ಯಾವುದಾದರೂ ಒಂದು ಗುಂಪಿನಲ್ಲಿ ಆರು ಬೇಕು, 17 ತುಂಬಿದವರಿಗೆ ಐದು ಸಾಕು. ಅವು ಕನಿಷ್ಠ 6 ತಿಂಗಳಿಂದ ಇರಬೇಕು, 12ರೊಳಗೆ ಶುರುವಾಗಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಜಾಗದಲ್ಲಾದರೂ ಕಾಣಬೇಕು. ಇಷ್ಟೆಲ್ಲ ಇದ್ದರೂ ಬದುಕು ಕೆಡದಿದ್ದರೆ ಅದು ಎಡಿಎಚ್‌ಡಿ ಅಲ್ಲ.

ಎರಡು ಜಾಗ ಎಂಬ ಷರತ್ತಿಗೆ ಬಲವಾದ ಕಾರಣ ಇದೆ. ಶಾಲೆಯಲ್ಲಿ ಮಾತ್ರ ತೊಂದರೆ ಇದ್ದರೆ, ಕಾರಣ ಶಾಲೆಯಲ್ಲೇ ಇರಬಹುದು. ನಮ್ಮ ಜಿಲ್ಲೆಯಲ್ಲಿ ಇದನ್ನು ಜಾಸ್ತಿಯೇ ನೆನಪಿಡಬೇಕು. ಕಾರವಾರದ ಮನೆಯಲ್ಲಿ ಕೊಂಕಣಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ನವಾಯತಿ, ಶಿರಸಿ ಸಿದ್ದಾಪುರದ ಕಡೆ ಹವ್ಯಕ ಕನ್ನಡ, ಹಳಿಯಾಳದ ಕಡೆ ಮರಾಠಿ. ಅಂಥ ಮನೆಯ ಮಗುವನ್ನು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತೇವೆ. ಅರ್ಥವಾಗದ ಮಾತನ್ನು ಐದು ತಾಸು ಕೇಳಬೇಕಾದ ಮಗು ಕಿಟಕಿಯಿಂದ ಹೊರಗೆ ನೋಡಿದರೆ ಅದಕ್ಕೆ ರೋಗದ ಹೆಸರು ಬೇಡ.

ಮಳೆಗಾಲದಲ್ಲಿ ಕಿವಿ ಸೋರುವ ಮಕ್ಕಳೂ ಇದ್ದಾರೆ. ಕಿವಿ ಮಂದವಾದ ಮಗು ಕರೆದರೆ ತಿರುಗುವುದಿಲ್ಲ, ಅದೂ ‘ಲಕ್ಷ್ಯ ಇಲ್ಲ’ ಲೆಕ್ಕಕ್ಕೆ ಹೋಗುತ್ತದೆ. ಮೂಗಿನ ಹಿಂದಿನ ಅಡಿನಾಯ್ಡ್ ಊದಿ ರಾತ್ರಿ ಗೊರಕೆ ಹೊಡೆಯುವ ಮಗು ನಿದ್ದೆ ಸಾಲದೆ ಹಗಲು ಹಾರಾಡುತ್ತದೆ. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ, ಮಕ್ಕಳದ್ದು ಉಲ್ಟಾ. ಕಣ್ಣಿನ ತೊಂದರೆ, ರಕ್ತಹೀನತೆ, ಓದುವ ಬರೆಯುವ ಕಲಿಕೆಯ ತೊಂದರೆ, ಮನೆಯ ಜಗಳದ ಹೆದರಿಕೆ, ಕೆಲವು ಸೆಕೆಂಡ್ ಮಂಕಾಗಿ ನೋಡುವ ಮೂರ್ಛೆಯ ಒಂದು ಬಗೆ, ಎಲ್ಲವೂ ಹೊರಗಿನಿಂದ ಒಂದೇ ತರ ಕಾಣುತ್ತವೆ.

ಎರಡು ವಾದ, ಎರಡಕ್ಕೂ ಆಧಾರ

ಒಂದು ಕಡೆಯವರು ಹೇಳುವುದು, ಸಾಮಾನ್ಯ ಬಾಲ್ಯವನ್ನೇ ರೋಗ ಮಾಡುತ್ತಿದ್ದೇವೆ ಎಂದು. ಅವರ ಕೈಯಲ್ಲಿ ಗಟ್ಟಿ ಸಾಕ್ಷಿ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗೆ ಸೇರುವ ವಯಸ್ಸಿನ ಗೆರೆ ಡಿಸೆಂಬರ್ 31. ಹಾಗಾಗಿ ಒಂದೇ ತರಗತಿಯಲ್ಲಿ ಜನವರಿಯಲ್ಲಿ ಹುಟ್ಟಿದವರು ದೊಡ್ಡವರು, ಡಿಸೆಂಬರ್‌ನವರು ಹೆಚ್ಚುಕಡಿಮೆ ಒಂದು ವರ್ಷ ಚಿಕ್ಕವರು. 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2012ರ ಅಧ್ಯಯನದಲ್ಲಿ, ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ ಜನವರಿಯವರಿಗಿಂತ ಶೇ 30ರಷ್ಟು, ಹುಡುಗಿಯರಿಗೆ ಶೇ 70ರಷ್ಟು ಜಾಸ್ತಿ ಎಡಿಎಚ್‌ಡಿ ಹಣೆಪಟ್ಟಿ ಅಂಟಿತ್ತು. ಹುಟ್ಟಿದ ತಿಂಗಳಿಗೂ ಮೆದುಳಿನ ತೊಂದರೆಗೂ ಸಂಬಂಧ ಇರಲು ಕಾರಣ ಇಲ್ಲ. ಚಿಕ್ಕ ಮಗುವನ್ನು ಪಕ್ಕದ ದೊಡ್ಡ ಮಗುವಿಗೆ ಹೋಲಿಸಿ ಅಳೆದಿದ್ದಾರೆ, ಅಷ್ಟೇ.

ನಮ್ಮಲ್ಲಿ ಒಂದನೇ ತರಗತಿಯ ವಯಸ್ಸಿನ ಜಗ್ಗಾಟವನ್ನು ಈ ಕಣ್ಣಿನಿಂದ ಯಾರೂ ನೋಡಿಲ್ಲ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡಿತು, 2025–26ಕ್ಕೆ ಮುಂದೂಡಿತು, 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಎಂದು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಪಾಲಕರು ವಾದ ಮಾಡಿದ್ದೆಲ್ಲ ‘ಒಂದು ವರ್ಷ ದಂಡ ಆಗುತ್ತದೆ’ ಎಂಬುದರ ಮೇಲೆ. ಐದೂವರೆಯ ಮಗು ಆರೂವರೆಯ ಮಗುವಿನ ಪಕ್ಕ ಕೂತು ಗೆರೆ ಮೇಲೆ ಬರೆಯುವಾಗ ಏನಾಗುತ್ತದೆ ಎಂಬುದು ಚರ್ಚೆಗೇ ಬರಲಿಲ್ಲ.

ಇನ್ನೊಂದು ಕಡೆಯವರು ಹೇಳುವುದು, ಸಿಗಬೇಕಾದವರಿಗೆ ಹೆಸರೂ ಸಿಗುತ್ತಿಲ್ಲ, ಸಹಾಯವೂ ಸಿಗುತ್ತಿಲ್ಲ ಎಂದು. ಇವರ ಮೊದಲ ಸಾಕ್ಷಿ ಹೆಣ್ಣುಮಕ್ಕಳು. ಬೆಂಚು ಹಾರುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕೊನೆಯ ಬೆಂಚಿನಲ್ಲಿ ಜಡೆಯ ತುದಿ ತಿರುವುತ್ತ ಎಲ್ಲೋ ಇರುವ ಹುಡುಗಿಗೆ ‘ಪಾಪದ ಕೂಸು, ಓದಿನಲ್ಲಿ ಸ್ವಲ್ಪ ಹಿಂದೆ’ ಎಂಬ ಮಾತು ಸಿಗುತ್ತದೆ. ಎಸ್‌ಎಸ್‌ಎಲ್‌ಸಿ ತನಕ ಹೇಗೋ ದಾಟುತ್ತಾಳೆ, ಪಿಯುಸಿ ವಿಜ್ಞಾನದಲ್ಲಿ ಮುಗ್ಗರಿಸುತ್ತಾಳೆ. ಅಲ್ಲಿಯ ತನಕ ಅಮ್ಮ ಪಕ್ಕದಲ್ಲಿ ಕೂತು ಓದಿಸುತ್ತಿದ್ದಳು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡು ವಾದವೂ ನಿಜವಾಗಲು ಅಡ್ಡಿ ಏನೂ ಇಲ್ಲ, ಯಾಕೆಂದರೆ ಅವು ಬೇರೆ ಬೇರೆ ಮಕ್ಕಳ ಬಗ್ಗೆ ಇವೆ. ವೈದ್ಯರು ಹತ್ತಿರ ಇರುವ, ಶುಲ್ಕ ಕಟ್ಟಬಲ್ಲ ಮನೆಗಳಲ್ಲಿ ಹೆಸರು ಬೇಗ ಅಂಟುತ್ತದೆ. ಘಟ್ಟದ ಮೇಲಿನ ಹಳ್ಳಿಯಲ್ಲಿ ಹೆಸರೇ ಬರುವುದಿಲ್ಲ, ಬೆತ್ತ ಬರುತ್ತದೆ. ಉತ್ತರ ಕನ್ನಡದ ಮಟ್ಟಿಗೆ ಎರಡನೆಯದೇ ದೊಡ್ಡ ಚಿಂತೆ ಅನ್ನಿಸುತ್ತದೆ.

41ರಲ್ಲಿ ಹೇಗೆ?

ಹಿಂದೆ ಇದು ಪ್ರಾಯಕ್ಕೆ ಬಂದಾಗ ತಾನಾಗಿ ಹೋಗುತ್ತದೆ ಎಂದು ನಂಬಿದ್ದರು. ಅಮೆರಿಕದಲ್ಲಿ ಇಂಥ ಮಕ್ಕಳನ್ನು 16 ವರ್ಷ ಹಿಂಬಾಲಿಸಿದ ತಂಡಕ್ಕೆ ಕಂಡಿದ್ದು ಬೇರೆ. ಪೂರ್ತಿಯಾಗಿ, ಕಾಯಂ ಆಗಿ ಬಿಟ್ಟುಹೋಗಿದ್ದು ಸುಮಾರು ಶೇ 9 ಮಂದಿಗೆ. ಹೆಚ್ಚಿನವರಲ್ಲಿ ಏರಿಳಿತ: ಕೆಲವು ವರ್ಷ ಇಲ್ಲವೇನೋ ಎನ್ನುವಷ್ಟು ಕಡಿಮೆ, ಮತ್ತೆ ಕೆಲವು ವರ್ಷ ಜೋರು.

ಪೆಚ್ಚು ಮಾಡುವ ಇನ್ನೊಂದು ಫಲಿತಾಂಶವೂ ಇದೆ. ನ್ಯೂಜಿಲೆಂಡಿನ ಡ್ಯುನಿಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದಾರೆ. 38ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣ ಇದ್ದವರಲ್ಲಿ ಶೇ 90 ಮಂದಿಗೆ ಬಾಲ್ಯದಲ್ಲಿ ಅದು ಇತ್ತೆಂಬ ದಾಖಲೆ ಇರಲಿಲ್ಲ. 2015ರ ಈ ವರದಿ ದೊಡ್ಡ ಜಗಳವನ್ನೇ ಎಬ್ಬಿಸಿತು. ದೊಡ್ಡವರಲ್ಲಿ ಇದು ಹೊಸದಾಗಿಯೂ ಶುರುವಾಗಬಹುದು ಎಂದು ಒಂದು ಗುಂಪು ಹೇಳಿತು. ಖಿನ್ನತೆ, ಕುಡಿತ, ನಿದ್ದೆಯ ತೊಂದರೆಗಳೇ ಎಡಿಎಚ್‌ಡಿಯ ವೇಷ ಹಾಕಿವೆ ಎಂದಿತು ಇನ್ನೊಂದು. ಜಾಣತನ ಅಥವಾ ಮನೆಯ ಬೆಂಬಲದಿಂದ ಬಾಲ್ಯದಲ್ಲಿ ಮುಚ್ಚಿಕೊಂಡಿತ್ತು ಎಂಬುದು ಮೂರನೆಯ ವಿವರಣೆ. ಹಾಗಾಗಿ ದೊಡ್ಡವರನ್ನು ಪರೀಕ್ಷಿಸುವಾಗ ಒಳ್ಳೆಯ ವೈದ್ಯರು ಮೊದಲು ನಿದ್ದೆ, ಕುಡಿತ, ಮನಸ್ಸಿನ ಬೇಸರ, ಥೈರಾಯ್ಡ್ ಬಗ್ಗೆ ಕೇಳುತ್ತಾರೆ. ಆಮೇಲೆ 3ನೇ ಇಯತ್ತೆಯ ಬಗ್ಗೆ.

ದೊಡ್ಡವರಲ್ಲಿ ಬೆಂಚು ಹಾರಾಟ ಇರುವುದಿಲ್ಲ, ಚಡಪಡಿಕೆ ಒಳಗೆ ಸೇರಿಕೊಳ್ಳುತ್ತದೆ. ಶಿರಸಿ ಕಡೆಯ ಒಬ್ಬ ತೋಟದವರನ್ನು ಊಹಿಸಿಕೊಳ್ಳಿ. ಅಡಿಕೆಗೆ ಮೊದಲ ಮದ್ದು ಮಳೆ ಹಿಡಿಯುವ ಹೊತ್ತಿಗೆ ಆಗಿದೆ. ಎರಡನೆಯದು 40–45 ದಿನಕ್ಕೆ ಬೀಳಬೇಕು, ತಪ್ಪಿದರೆ ಕೊಳೆ ರೋಗ. ಇದು ಅವರಿಗೆ ಬಾಯಿಪಾಠ. ಮಾಡಬೇಕಾದ್ದು ಮೂರೇ ಕೆಲಸ: ತುತ್ತ ಸುಣ್ಣ ತರುವುದು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಫೋನ್ ಮಾಡುವುದು, ಮಳೆ ಹೊಳವಾಗುವ ದಿನ ನೋಡುವುದು. ಫೋನ್ ಮಾಡಲು ಮೊಬೈಲ್ ತೆಗೆಯುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಯಾರದೋ ಪಂಪ್‌ಸೆಟ್ ಮಾರಾಟಕ್ಕಿದೆ, ಅದರ ಬೆಲೆ ವಿಚಾರಿಸುತ್ತ ಹೊಳೆ ಕಡೆ ಹೋಗುತ್ತಾರೆ, ಅಲ್ಲಿ ಕಾಲುವೆ ಕಟ್ಟಿದ್ದು ಕಾಣುತ್ತದೆ, ಗುದ್ದಲಿ ಹಿಡಿಯುತ್ತಾರೆ. ಸಂಜೆಯಾಗುತ್ತದೆ. ಹೀಗೆ ಹತ್ತು ದಿನ ಹೋಗುತ್ತದೆ. ಕೊಳೆ ಬಿದ್ದ ಮೇಲೆ ಅದೇ ಮನುಷ್ಯ ಹಗಲು ರಾತ್ರಿ ನಿಂತು ಮೂರು ದಿನದಲ್ಲಿ ಎಲ್ಲ ಮಾಡಿಸುತ್ತಾರೆ. ಊರವರಿಗೆ ಇದು ಒಗಟು: ಇಷ್ಟು ಮಾಡಬಲ್ಲವನು ಮೊದಲೇ ಯಾಕೆ ಮಾಡಲಿಲ್ಲ? ತುರ್ತು ಬಂದಾಗ ಹೊರಗಿನಿಂದ ಎಳೆತ ಸಿಗುತ್ತದೆ, ಆಟದ ಬಯಲಿನ ಚಂಡೆಯ ಹಾಗೆ.

ಇದರ ಬೆಲೆ ರೂಪಾಯಿಯಲ್ಲೇ ಕಾಣುತ್ತದೆ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿ. ದುಡ್ಡು ಕೈಯಲ್ಲಿದ್ದೂ ತಾರೀಖು ತಪ್ಪಿದರೆ ಬಡ್ಡಿ ಬೀಳುತ್ತದೆ. ರಸ್ತೆ ಅಪಘಾತದ ಸಾಧ್ಯತೆಯೂ ಇವರಿಗೆ ಉಳಿದವರಿಗಿಂತ ಜಾಸ್ತಿ ಎಂದು ಅಧ್ಯಯನಗಳು ಹೇಳುತ್ತವೆ. ಹೆದ್ದಾರಿ 66ರ ಮೇಲೆ ಬೈಕ್ ಓಡಿಸುವ ಹುಡುಗರ ಮನೆಯವರಿಗೆ ಇದು ಸಣ್ಣ ಮಾತಲ್ಲ.

ಮಾತ್ರೆಯ ಜಗಳ

ಉತ್ತೇಜಕ ಕೊಟ್ಟರೆ ಹಾರಾಡುವ ಮಗು ತಣ್ಣಗಾಗುವುದು ಹೇಗೆ ಎಂದು ಕೇಳುವುದು ಸರಿಯೇ. ಮಿಥೈಲ್‌ಫೆನಿಡೇಟ್ ಮೆದುಳಿನ ಮುಂಭಾಗದಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಸ್ವಲ್ಪ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಉತ್ತೇಜನ ಸಿಗುವುದು ತಡೆಯುವ ಭಾಗಕ್ಕೆ, ಬ್ರೇಕ್ ಬಿಗಿ ಮಾಡಿದ ಹಾಗೆ. ನುಂಗಿ ಅರ್ಧದಿಂದ ಒಂದು ತಾಸಿನಲ್ಲಿ ಕೆಲಸ ಶುರು. ಸಾದಾ ಮಾತ್ರೆ 3–4 ತಾಸು ನಡೆಯುತ್ತದೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಸಾಮಾನ್ಯ. ನಾಡಿ, ರಕ್ತದೊತ್ತಡ, ಎತ್ತರ, ತೂಕ ನೋಡುತ್ತಿರಬೇಕು. ಆಟೊಮಾಕ್ಸೆಟಿನ್ ಎಂಬ ಇನ್ನೊಂದು ಮಾತ್ರೆ ಉತ್ತೇಜಕ ಅಲ್ಲ, ಅದರ ಗುಣ ಕಾಣಲು ವಾರಗಳು ಬೇಕು. 6 ವರ್ಷದೊಳಗಿನವರಿಗೆ ಮೊದಲು ಮಾತ್ರೆ ಬೇಡ, ಪಾಲಕರಿಗೆ ತರಬೇತಿ ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಮಾರ್ಗಸೂಚಿಯೇ ಹೇಳುತ್ತದೆ.

ಜಗಳ ಇರುವುದು ದೂರದ ಲಾಭದ ಬಗ್ಗೆ. 1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ 579 ಮಕ್ಕಳಿದ್ದರು. 14 ತಿಂಗಳಿಗೆ ನೋಡಿದಾಗ ಎಚ್ಚರಿಕೆಯಿಂದ ಕೊಟ್ಟ ಮಾತ್ರೆ ಗೆದ್ದಿತ್ತು. ಮೂರು ವರ್ಷಕ್ಕೆ ಗುಂಪುಗಳ ನಡುವಿನ ಆ ವ್ಯತ್ಯಾಸ ಅಳಿಸಿತ್ತು. ಮಾತ್ರೆಯ ಪರ ಇರುವವರು ಮೊದಲ ಸಾಲನ್ನು, ವಿರೋಧಿಗಳು ಎರಡನೆಯ ಸಾಲನ್ನು ಎತ್ತಿ ಹೇಳುತ್ತಾರೆ. ನಡುವೆ ಎಷ್ಟೋ ಮಕ್ಕಳು ಮಾತ್ರೆ ಬಿಟ್ಟಿದ್ದರು, ಇನ್ನು ಕೆಲವರು ಶುರು ಮಾಡಿದ್ದರು ಎಂಬುದನ್ನು ಇಬ್ಬರೂ ಮೆಲ್ಲಗೆ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ 2019 ಮತ್ತು 2021ರಲ್ಲಿ ಮಿಥೈಲ್‌ಫೆನಿಡೇಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಲು ಒಪ್ಪಲಿಲ್ಲ. ಹಲವು ದೇಶಗಳ ಮಾರ್ಗಸೂಚಿಗಳು ಅದೇ ಮಾತ್ರೆಯನ್ನು ಮೊದಲ ಸಾಲಿನಲ್ಲಿ ಇಡುತ್ತವೆ.

ಭಾರತದಲ್ಲಿ ಇದು ಷೆಡ್ಯೂಲ್ ಎಕ್ಸ್ ಔಷಧ. ಮಾರಲು ಬೇರೆ ಪರವಾನಗಿ ಬೇಕು, ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳಬೇಕು. ಪರೀಕ್ಷೆಗೆ ಓದಲು, ನಶೆಗೆ ಎಂದು ದುರುಪಯೋಗ ಮಾಡುವವರು ಇರುವುದರಿಂದ ಈ ಬಿಗಿ ಬೇಕೇ. ಆದರೆ ಅದರ ಭಾರ ಬೀಳುವುದು ದೂರದ ಊರಿನವರ ಮೇಲೆ. ಸಾಮಾನ್ಯ ಮೆಡಿಕಲ್ ಶಾಪ್‌ನಲ್ಲಿ ಇದನ್ನು ಇಟ್ಟಿರುವುದಿಲ್ಲ. ಚೀಟಿ ಹಿಡಿದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕು ಎಂದಾದರೆ ಎರಡನೇ ತಿಂಗಳಿಗೇ ಮಾತ್ರೆ ನಿಲ್ಲುತ್ತದೆ. ಆಮೇಲೆ ‘ಮಾತ್ರೆ ಕೊಟ್ಟೂ ನೋಡಿದೆವು, ಏನೂ ಆಗಲಿಲ್ಲ’ ಎಂಬ ಮಾತು ಹುಟ್ಟುತ್ತದೆ.

ಜಿಲ್ಲೆಯಲ್ಲಿ ಏನಿದೆ, ಮುಂದೆ ಏನಾಗಬಹುದು

ಕಾಗದದ ಮೇಲೆ ವ್ಯವಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬರಬೇಕು. ಆದರೆ ಒಂದು ಮಗುವಿಗೆ ಎರಡು ಮೂರು ನಿಮಿಷ ಸಿಗುವ ತಪಾಸಣೆಯಲ್ಲಿ ಹಲ್ಲು, ಕಣ್ಣು, ಹೃದಯದ ಸದ್ದು ಸಿಕ್ಕಬಹುದು, ಗಮನದ ತೊಂದರೆ ಸಿಗುವುದು ಕಷ್ಟ. ಹೊಸಬರ ಮುಂದೆ ಎರಡು ನಿಮಿಷ ಎಂಥ ಪುಂಡನೂ ಸುಮ್ನೆ ನಿಲ್ಲುತ್ತಾನೆ. ಇಲ್ಲಿ ಕೆಲಸಕ್ಕೆ ಬರುವುದು ವರ್ಷವಿಡೀ ನೋಡಿದ ಅಕ್ಕೋರು, ಮಾಸ್ತರರ ಮಾತು.

ಕಾನೂನಿನಲ್ಲಿ ಒಂದು ಕಂದರವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ತೊಂದರೆ, ಆಟಿಸಂ ಇವೆ, ಎಡಿಎಚ್‌ಡಿ ಹೆಸರು ಬೇರೆಯಾಗಿ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಬೇಕಾದ ಪಾಲಕರು ಸಹಜವಾಗಿಯೇ ಕಲಿಕಾ ತೊಂದರೆಯ ಪ್ರಮಾಣಪತ್ರದ ಕಡೆ ನೋಡುತ್ತಾರೆ. ಎರಡೂ ಒಟ್ಟಿಗೆ ಇರುವ ಮಕ್ಕಳು ಬಹಳ ಇರುವುದರಿಂದ ಕೆಲವರಿಗೆ ಅದು ಸಿಗುತ್ತದೆ. ಉಳಿದವರಿಗೆ ಹೆಸರು ಸಿಕ್ಕರೂ ಪ್ರಯೋಜನ ಸಿಗುವುದಿಲ್ಲ.

ದೂರ ಇನ್ನೊಂದು ಅಡ್ಡಿ. 12 ತಾಲೂಕಿನ ಜಿಲ್ಲೆ, ನಡುವೆ ಘಟ್ಟ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ., ಜೋಯಿಡಾದ ಒಳಗಿನವರಿಗೆ ಕಾರವಾರವೇ ದೂರ. ಮಾತಿನ ದೂರ ಅದಕ್ಕಿಂತ ಹೆಚ್ಚು. ನಮ್ಮ ಕಡೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದರೆ ತಮಾಷೆ. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಮಗುವನ್ನು ಕರೆದುಕೊಂಡು ಹೋಗಲು ಹೆದರುವ ಪಾಲಕರ ಕಿವಿಯಲ್ಲಿ ಇರುವುದು ಆ ತಮಾಷೆಯೇ. ಮಗಳ ವಿಷಯವಾದರೆ ‘ನಾಳೆ ಮದುವೆ ಮಾತು ಬಂದಾಗ?’ ಎಂಬ ಪ್ರಶ್ನೆಯೂ ಸೇರುತ್ತದೆ.

ಮುಂದಿನ ಕೆಲವು ವರ್ಷ ಹೆಸರು ಹೊತ್ತ ಮಕ್ಕಳ ಸಂಖ್ಯೆ ಜಾಸ್ತಿಯಾಗುವುದು ಹೆಚ್ಚುಕಡಿಮೆ ಖಚಿತ. ಅದು ಮೊದಲು ಕಾಣುವುದು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ. ಶಾಲೆಗಳೇ ‘ತೋರಿಸಿಕೊಂಡು ಬನ್ನಿ’ ಎಂದು ಪಾಲಕರನ್ನು ಕಳಿಸಲು ಶುರು ಮಾಡುತ್ತವೆ. ಕೆಲವು ಮಗುವಿನ ಒಳ್ಳೆಯದಕ್ಕೆ, ಕೆಲವು ತರಗತಿ ಸುಮ್ಮನಾಗಲಿ ಎಂದು. ತರಗತಿಯಲ್ಲಿ 50 ಮಕ್ಕಳು ಇರುವ ತನಕ ಯಾವುದು ಯಾವುದಕ್ಕೆ ಎಂದು ಬಿಡಿಸುವುದು ಕಷ್ಟ.

ಹೆಸರು ಬರುವ ತನಕ ಕಾಯಬೇಕಿಲ್ಲದ ಕೆಲಸಗಳೂ ಇವೆ. ಎಂಟು ಲೆಕ್ಕವನ್ನು ಎರಡೆರಡಾಗಿ ಕೊಟ್ಟು, ಎರಡು ಮುಗಿದ ಕೂಡಲೇ ನೋಡಿ ಸರಿ ಹಾಕುವುದು. ಕಿಟಕಿಯಿಂದ ದೂರ, ಮುಂದಿನ ಬೆಂಚು. ಒಂದು ಸಲಕ್ಕೆ ಒಂದೇ ಮಾತು: ‘ಪಾಟಿಚೀಲ ತೆಗೆದಿಡು, ಕೈಕಾಲು ತೊಳೆ, ಬಟ್ಟೆ ಬದಲಿಸು, ಓದಲು ಕೂತುಕೋ’ ಎಂದು ಒಟ್ಟಿಗೆ ಹೇಳಿದರೆ ಉಳಿಯುವುದು ಮೊದಲನೆಯದು ಮಾತ್ರ. ದೊಡ್ಡವರಾದರೆ ಮದ್ದಿನ ತಾರೀಖನ್ನು ಜಗಲಿಯ ಕ್ಯಾಲೆಂಡರ್ ಮೇಲೆ ಕೆಂಪಗೆ ಬರೆದು, ಕೊನೆಗೌಡನಿಗೆ ಮೊದಲ ಮದ್ದಿನ ದಿನವೇ ಎರಡನೆಯದಕ್ಕೂ ಹೇಳಿಬಿಡುವುದು.

ತೋರಿಸುವುದೇ ಆದರೆ ಕಾರವಾರದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇರುತ್ತದೆ, ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ, ಪುಕ್ಕಟೆ ಮಾತಾಡುತ್ತಾರೆ. ಹೋಗುವಾಗ ಕಿವಿ, ಕಣ್ಣು ತೋರಿಸಿದ ಚೀಟಿ ಜೊತೆಗಿರಲಿ. ಹಿಂದಿನ ಎರಡು ಮೂರು ವರ್ಷದ ಪಟ್ಟಿಗಳನ್ನು ರದ್ದಿಗೆ ಹಾಕದೆ ಇಟ್ಟಿದ್ದರೆ ಅವನ್ನೂ ಒಯ್ಯಿರಿ, ಅಂಚಿನ ಚಿತ್ರಗಳ ಸಮೇತ.